ಗ್ರಾಹಕರ ತಪ್ಪು ಬಳಕೆ

"ಮೋಟರ್ ತಾನಾಗೇ ಚಾಲೂ ಆಗೈತ್ರಿ. ನಾವ್ಯಾರೂ ಮುಟ್ಟಿಲ್ಲ" ಎಂಬ ಮೊದಲ ಕರೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಮಾತಾಡಿದವರು ಬೀಳಗಿ ಕಡೆಯ ಒಬ್ಬ ಹೆಣ್ಣುಮಗಳು. ಅವರ ಯಜಮಾನರು ಹಿಂದಿನ ದಿನ ಫೋನಿನಿಂದಲೇ ಮೋಟರ್ ಬಂದ್ ಮಾಡಿದ್ದರು. ಬೆಳಿಗ್ಗೆ ನೋಡಿದರೆ ನೀರು ಕಬ್ಬಿನ ಹೊಲ ದಾಟಿ ಗಾಡಿದಾರಿಗೆ ಹರಿದಿತ್ತು.

ನಾನು ತೆರೆಯ ಮೇಲಿದ್ದ ಪ್ರಶ್ನೆಯನ್ನು ಓದಿದೆ. "ಸಿಗ್ನಲ್ ಎಷ್ಟು ಕಡ್ಡಿ ತೋರಿಸುತ್ತಿದೆ, ಮೇಡಂ?"

"ಕಡ್ಡಿ ಎಲ್ಲಾ ಅದಾವ. ಮೋಟರ್ ಯಾರು ಚಾಲೂ ಮಾಡಿದ್ರು, ಅದನ್ನ ಹೇಳ್ರಿ ನೀವು."

ಅದಕ್ಕೆ ತೆರೆಯ ಮೇಲೆ ಉತ್ತರವಿರಲಿಲ್ಲ. ಪೆಟ್ಟಿಗೆ ಒಮ್ಮೆ ಆಫ್ ಮಾಡಿ ಆನ್ ಮಾಡಿರಿ ಎಂದೆ. ಮಾಡಿದರು. "ಸಮಸ್ಯೆ ಬಗೆಹರಿದಿದೆಯೇ?" ಎಂದು ಕೇಳಿದೆ. "ಈಗರ ಬಂದ್ ಐತಿ" ಎಂದರು. ಅಷ್ಟು ಸಾಕಿತ್ತು. ಏಳನೇ ಕೋಡ್ ಒತ್ತಿ ಟಿಕೆಟ್ ಮುಚ್ಚಿದೆ. ಏಳನೇ ಕೋಡ್ ಅಂದರೆ 'ಗ್ರಾಹಕರ ತಪ್ಪು ಬಳಕೆ'.

ನಾನು ಕೂರುತ್ತಿದ್ದದ್ದು ಬನಹಟ್ಟಿಯಲ್ಲಿ, ನೂಲಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಆರು ಕುರ್ಚಿ, ಆರು ಹೆಡ್‌ಸೆಟ್, ಹಿಂದಿನ ಓಣಿಯಲ್ಲಿ ದಿನವಿಡೀ ಮಗ್ಗಗಳ ಸದ್ದು. ಎಷ್ಟೋ ಸಲ ಕರೆ ಮಾಡಿದವರು "ನಿಮ್ಮಲ್ಲೇನ್ ಮಳಿ ಹೊಡ್ಯಾಕತ್ತೈತೇನ್ರಿ?" ಎಂದು ಕೇಳುತ್ತಿದ್ದರು. ನಮ್ಮ ಕಂಪನಿ ಮಾರುವುದು ಮೊಬೈಲ್ ಸ್ಟಾರ್ಟರ್. ಪಂಪ್‌ಸೆಟ್ಟಿನ ಸ್ಟಾರ್ಟರ್ ಪಕ್ಕದಲ್ಲಿ ಕೂಡಿಸುವ, ಸಿಮ್ ಹಾಕಿದ ಸಣ್ಣ ಪೆಟ್ಟಿಗೆ. ರೈತ ಮನೆಯಿಂದಲೇ ಅದಕ್ಕೆ ಫೋನ್ ಮಾಡಿ ಒಂದು ಒತ್ತಿದರೆ ಮೋಟರ್ ಚಾಲೂ, ಎರಡು ಒತ್ತಿದರೆ ಬಂದ್. ಚಾಲೂ ಇದೆಯೋ ಬಂದ್ ಇದೆಯೋ ಎಂಬುದನ್ನು ಫೋನಿನ ಆ್ಯಪ್ ತೋರಿಸುತ್ತದೆ. ಆಟೋಕ್ಕೆ ಇಟ್ಟರೆ ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಮೋಟರ್ ತಾನಾಗಿ ತಿರುಗುತ್ತದೆ. ಮ್ಯಾನುವಲ್‌ಗೆ ಇಟ್ಟರೆ ಮಾಲೀಕ ಹೇಳುವ ತನಕ ತಿರುಗಬಾರದು.

ಒಂದು ಕರೆಗೆ ಆರು ನಿಮಿಷ. ಅದನ್ನು ದಾಟಿದರೆ ಗೋಡೆಯ ಮೇಲಿನ ಟಿವಿಯಲ್ಲಿ ನಮ್ಮ ಸಾಲು ಕೆಂಪಾಗುತ್ತಿತ್ತು. ಮೇಲಿನ ಎಂಜಿನಿಯರುಗಳಿಗೆ ಒಬ್ಬೊಬ್ಬರು ದಿನಕ್ಕೆ ಎರಡೇ ದೂರು ಕಳಿಸಬಹುದು. ಮೂರನೆಯದಕ್ಕೆ ಬಟನ್ ಒತ್ತಲು ಬರುತ್ತಿರಲಿಲ್ಲ. ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತಿದ್ದವು. 'ಹ್ಯಾಂಗ', 'ಯಾಕ್ರಿ' ಅಂದರೆ ಭಾಷೆಯ ಅಂಕ ಕಡಿತ. ಜಮಖಂಡಿಯ ರೈತನ ಜೊತೆ ರಬಕವಿಯ ಹುಡುಗಿ ಪಠ್ಯಪುಸ್ತಕದ ಕನ್ನಡ ಮಾತಾಡಬೇಕು. ಎರಡು ವರ್ಷದಲ್ಲಿ ನನಗೆ ಇದೆಲ್ಲ ಅಭ್ಯಾಸವಾಗಿತ್ತು. ಊಟದ ಹೊತ್ತಿಗೆ ಕಿವಿಯ ಹಿಂದೆ ನೋವು ಶುರುವಾಗುತ್ತಿತ್ತು. ಮನೆಯಲ್ಲಿ ಯಾರಾದರೂ ಎರಡು ಸಲ ಕರೆದರೆ ಸಿಡುಕುತ್ತಿದ್ದೆ. ಇದನ್ನೂ ಅಭ್ಯಾಸ ಎಂದೇ ಎಣಿಸಿದ್ದೆ.

ಮಂಗಳವಾರ ಅಂಥದೇ ದೂರು ಮೂರು ಬಂದವು. ಮೂರನೆಯವರಿಗೆ ನಾನು ತೆರೆಯ ಮೇಲಿಲ್ಲದ ಒಂದು ಪ್ರಶ್ನೆ ಕೇಳಿದೆ: "ಅದಕ್ಕಿಂತ ಮೊದಲ ಕರೆಂಟ್ ಹೋಗಿತ್ತೇನ್ರಿ?"

"ಹೋಗಿತ್ರಿ. ಬರೇ ತ್ರೀ ಫೇಸ್ ಅಲ್ಲ, ತ್ವಾಟದ ಮನಿ ಲೈಟೂ ಇರ್ಲಿಲ್ಲ. ತಾಸಗಟ್ಟಲೆ ಇರ್ಲಿಲ್ಲ."

ಹಿಂದಿನ ಇಬ್ಬರಿಗೂ, ಸೋಮವಾರದ ಆ ಹೆಣ್ಣುಮಗಳಿಗೂ ತಿರುಗಿ ಫೋನ್ ಮಾಡಿ ಅದನ್ನೇ ಕೇಳಿದೆ. ಎಲ್ಲರದೂ ಅದೇ ಉತ್ತರ. ಪ್ರತಿ ಗ್ರಾಹಕರ ಪೆಟ್ಟಿಗೆಯ ಸಾಫ್ಟ್‌ವೇರ್ ಯಾವುದು ಎಂಬುದು ನಮ್ಮ ತೆರೆಯಲ್ಲಿ ಕಾಣುತ್ತದೆ. ನಾಲ್ವರದೂ ಹಿಂದಿನ ವಾರವಷ್ಟೇ ಕಂಪನಿ ದೂರದಿಂದಲೇ ಕಳಿಸಿದ್ದ ಹೊಸ ಅಪ್‌ಡೇಟ್. ನಾನು ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ. ಅನುಮಾನ ಬರಲು ಅಷ್ಟು ಸಾಕಾಗಿತ್ತು: ಕರೆಂಟ್ ಪೂರ್ತಿ ಹೋದಾಗ ಪೆಟ್ಟಿಗೆ ತನ್ನ ಸೆಟ್ಟಿಂಗ್ ಮರೆಯುತ್ತಿದೆ, ಮರೆತ ಮೇಲೆ ತಾನೇ ಆಟೋಕ್ಕೆ ಹೋಗುತ್ತಿದೆ. ಹಾಗೆಂದು ಬರೆದು ಮೇಲಕ್ಕೆ ಕಳಿಸಿದೆ. ಸಂಜೆ ಒಂದು ಸಾಲಿನ ಉತ್ತರ ಬಂತು: 'ನೆಟ್‌ವರ್ಕ್ ವಿಳಂಬ. ಮುಚ್ಚಿರಿ.'

ಬುಧವಾರ ಮಧ್ಯಾಹ್ನ ಗಲಗಲಿಯಿಂದ ಕರೆ ಬಂತು. ಹೊಳೆದಂಡೆಯಲ್ಲಿ ಪಂಪ್ ಇಟ್ಟುಕೊಂಡಿದ್ದ, ಐವತ್ತು ದಾಟಿದ ರೈತ. ಹಿಂದೆಲ್ಲೋ ಕುರಿಗಳ ಸದ್ದು ಕೇಳಿಸುತ್ತಿತ್ತು.

"ತಂಗಿ, ನಮ್ದೂ ಮೊನ್ನಿ ತಾನ ಚಾಲೂ ಆಗಿತ್ತ. ಈಗ ಪಂಪಿನ ಗ್ಲ್ಯಾಂಡಿನಾಗ ನೀರ ಸೋರಾಕತ್ತೈತಿ. ದಾರ ಬದಲಿ ಮಾಡ್ಬೇಕ. ಫೋನಿನಾಗ ಬಂದ್ ಅಂತ ತೋರಸ್ತೈತಿ. ಕೈ ಹಾಕಿದ್ರ ನಡೀತೈತೇನ?"

ಗ್ಲ್ಯಾಂಡ್ ಅಂದರೆ ಪಂಪಿನ ಶಾಫ್ಟ್ ಹೊರಬರುವ ಜಾಗ. ನೀರು ಸೋರದಂತೆ ಅಲ್ಲಿ ಗ್ರೀಸ್ ಹಚ್ಚಿದ ದಾರ ಸುತ್ತಿ ಬಿಗಿಯುತ್ತಾರೆ. ಬೆರಳು ಶಾಫ್ಟಿಗೆ ತಾಗುವ ಕೆಲಸ ಅದು. ನನ್ನ ಗಡಿಯಾರ ಐದು ನಿಮಿಷ ದಾಟಿತ್ತು. ಆ ದಿನ ಆಗಲೇ ನಾಲ್ಕು ಸಲ ಕೆಂಪಾಗಿದ್ದೆ. ತೆರೆಯ ಮೇಲಿದ್ದದ್ದನ್ನು ಓದಿದೆ: "ಆ್ಯಪಿನಲ್ಲಿ ಬಂದ್ ಎಂದು ತೋರಿಸುತ್ತಿದ್ದರೆ ಮೋಟರ್ ಬಂದ್ ಆಗಿದೆ, ಸರ್. ಇನ್ನೇನಾದರೂ ಸಹಾಯ ಬೇಕಿತ್ತೇ?"

"ಬ್ಯಾಡವಾ. ಛಲೋ ಆತು."

ಏಳನೇ ಕೋಡ್. ಟಿಕೆಟ್ ಮುಚ್ಚಿತು. ಮೋಟರಿಗೆ ಕೈ ಹಾಕುವ ಮೊದಲು ಫ್ಯೂಜ್ ತೆಗೆದಿಡಬೇಕು ಎಂಬುದನ್ನು ಡಿಪ್ಲೊಮಾದ ಮೊದಲ ವಾರದಲ್ಲೇ ನಮಗೆ ಕಲಿಸಿದ್ದರು. ಅದನ್ನು ಹೇಳಲು ಹತ್ತು ಸೆಕೆಂಡ್ ಸಾಕಿತ್ತು. ನಾನು ಹೇಳಲಿಲ್ಲ.

ಶುಕ್ರವಾರ ಪಕ್ಕದ ಕುರ್ಚಿಯ ಗೆಳತಿ ಹೆಡ್‌ಸೆಟ್ಟಿನ ಮೈಕಿಗೆ ಕೈ ಅಡ್ಡ ಹಿಡಿದು, "ಬುಧವಾರ ಗಲಗಲಿದು ನೀನ ಮಾತಾಡಿದ್ದೇನ? ಅವ್ರ ಮನ್ಯಾಕಿ ನಿನ್ನ ಕೇಳಾಕತ್ಯಾಳ" ಎಂದಳು. ಕರೆ ನನಗೆ ಬಂತು.

"ನೀನ ಏನವಾ ಬಂದ್ ಐತಿ ಅಂತ ಹೇಳಿದಾಕಿ?"

"ಹೌದ್ರಿ."

"ಅವರ ಎರಡ ಬೆರಳ ಹೋದುವು."

ಆಕೆ ಅಳುತ್ತಿರಲಿಲ್ಲ. ಜಮಖಂಡಿಯ ಆಸ್ಪತ್ರೆಯ ವರಾಂಡದಿಂದ ಮಾತಾಡುತ್ತಿದ್ದಳು. ಗುರುವಾರ ಬೆಳಗಿನಿಂದ ಲೈನ್ ಪೂರ್ತಿ ಹೋಗಿತ್ತು. ಕರೆಂಟೂ ಇಲ್ಲ, ಮೋಟರೂ ಬಂದ್ ಇದೆ ಎಂದು ಯಜಮಾನರು ದಾರ ಬಿಚ್ಚಲು ಕುಳಿತಿದ್ದರು. ಕರೆಂಟ್ ಬಂತು. ಅರ್ಧ ನಿಮಿಷದ ಮೇಲೆ ಮೋಟರ್ ತಿರುಗಿತು. ಬಲಗೈಯ ಎರಡು ಬೆರಳು ಶಾಫ್ಟಿಗೂ ನಟ್ ಬಿಚ್ಚುವ ಪಾನಾಕ್ಕೂ ನಡುವೆ ಸಿಕ್ಕವು.

ನಾನು ಆ ಟಿಕೆಟ್ಟನ್ನು ಮತ್ತೆ ತೆರೆದೆ. ನಡೆದದ್ದನ್ನು ಬರೆದೆ. ನಾನು ಏನು ಹೇಳಿದೆ, ಏನು ಹೇಳಲಿಲ್ಲ ಎಂಬುದನ್ನೂ ಬರೆದೆ. ನಮ್ಮ ಟೀಮ್ ಲೀಡರ್ ಬಂದು ಹಿಂದೆ ನಿಂತರು. ಜಮಖಂಡಿಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಕೆಟ್ಟ ಮನುಷ್ಯರಲ್ಲ.

"ಕ್ಲೋಜ್ ಆಗಿದ್ದು ಕ್ಲೋಜ್ ಇರ್ಲೆವಾ. ಮ್ಯಾಲ ಏನೂ ಬರೀಬ್ಯಾಡ. ನಾಳೆ ನಿನ್ನ ಕುತ್ತಿಗಿಗೇ ಬರ್ತೈತಿ."

"ಬರ್ಲಿ ಬಿಡ್ರಿ. ನನ್ನ ಕುತ್ತಿಗಿ ಇನ್ನ ಜಾಗಾದಾಗ ಐತಿ. ಅವರ ಬೆರಳ ಇಲ್ಲ."

ಹೆಡ್ ಆಫೀಸಿನಿಂದ ಮಧ್ಯಾಹ್ನ ಉತ್ತರ ಬಂತು. ಮೇನ್ ಸ್ವಿಚ್ ಇಳಿಸದೆ ಕೆಲಸ ಮಾಡಿದ್ದಾರೆ, ಆದ್ದರಿಂದ ಏಳನೇ ಕೋಡ್ ಸರಿಯಾಗಿದೆ. ಪ್ರಯೋಗಾಲಯದಲ್ಲಿ ಐವತ್ತು ಸಲ ಕರೆಂಟ್ ತೆಗೆದು ಹಾಕಿ ನೋಡಿದ್ದೇವೆ, ಸೆಟ್ಟಿಂಗ್ ಒಮ್ಮೆಯೂ ಬದಲಾಗಿಲ್ಲ. ಆ ದಿನಕ್ಕೆ ಉಳಿದಿದ್ದ ಎರಡನೇ ದೂರಿನ ಬಟನ್ ಒತ್ತಿ ಒಂದೇ ಪ್ರಶ್ನೆ ಕಳಿಸಿದೆ: ಪ್ರತಿ ಸಲ ಕರೆಂಟನ್ನು ಎಷ್ಟು ಹೊತ್ತು ತೆಗೆದಿದ್ದಿರಿ?

'ಹತ್ತು ಸೆಕೆಂಡ್' ಎಂದು ಬರೆದಿದ್ದರು.

ಓದಿ ನಗು ಬಂತು, ಒಳ್ಳೆಯ ನಗುವಲ್ಲ. ಹತ್ತು ಸೆಕೆಂಡ್ ಕರೆಂಟ್ ಹೋಗುವ ಊರು ನಮ್ಮ ಕಚೇರಿ ನೋಡಿಕೊಳ್ಳುವ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿದೆ?

ಮುಧೋಳದಲ್ಲಿ ನಮ್ಮ ಕಂಪನಿಯ ಫೀಲ್ಡ್ ಟೆಕ್ನಿಷಿಯನ್ ಒಬ್ಬರಿದ್ದರು. ಮೋಟರ್ ಸುತ್ತುವ ಅಂಗಡಿಯಲ್ಲಿ ಕೈ ಪಳಗಿಸಿಕೊಂಡವರು. ಅವರಿಗೆ ಫೋನ್ ಮಾಡಿ ಎರಡು ಪೆಟ್ಟಿಗೆ ತರಲು ಹೇಳಿದೆ, ಒಂದು ಹೊಸ ಅಪ್‌ಡೇಟಿನದು, ಒಂದು ಹಳೆಯದು. "ಮ್ಯಾಲಿನವ್ರು ಹೇಳ್ಯಾರೇನ್ರಿ?" ಎಂದರು. "ಇಲ್ಲ, ನಾನ ಹೇಳಾಕತ್ತೇನಿ" ಎಂದೆ. "ನಾಳೆ ಶನಿವಾರ ಹತ್ತಕ್ಕ ಬರ್ತೀನಿ" ಎಂದರು.

ಪರೀಕ್ಷೆಗೆ ತ್ರೀ ಫೇಸ್ ಬೇಕು. ಅದು ಮಗ್ಗದ ಶೆಡ್ಡಿನಲ್ಲಿತ್ತು. ಹಿಂದಿನ ಓಣಿಯ ಮಗ್ಗದ ಮಾಲೀಕರು ಒಂದು ಮೂಲೆಯ ಬೋರ್ಡ್ ಬಿಟ್ಟುಕೊಟ್ಟರು. ಟೆಕ್ನಿಷಿಯನ್ ಮೋಟರಿನ ಬದಲು ಮೂರು ಬಲ್ಬ್ ಕಟ್ಟಿದರು, ಫೇಸಿಗೊಂದರಂತೆ. ಪೆಟ್ಟಿಗೆಯನ್ನು ಮ್ಯಾನುವಲ್‌ಗೆ ಹಾಕಿ ಫೋನಿನಿಂದ ಬಂದ್ ಮಾಡಿದೆವು. ಹತ್ತು ಸೆಕೆಂಡ್ ಕರೆಂಟ್ ತೆಗೆದು ಹಾಕಿದೆವು, ಬಲ್ಬ್ ಹತ್ತಲಿಲ್ಲ. ಹೆಡ್ ಆಫೀಸ್ ಹೇಳಿದ್ದು ನಿಜ. ಐದು ನಿಮಿಷ ತೆಗೆದೆವು, ಹತ್ತಲಿಲ್ಲ. ಹದಿನೈದು ನಿಮಿಷ, ಹತ್ತಲಿಲ್ಲ. ನನಗೆ ಅಳುಕು ಶುರುವಾಯಿತು. ತಪ್ಪು ನನ್ನದೇ ಇರಬಹುದೇ?

"ಚಾ ಕುಡದ ಬರೂಣ್ರಿ. ನಮ್ಮೂರ ಕರೆಂಟಿನ ಲೆಕ್ಕಕ್ಕ ಇದೇನೂ ಅಲ್ಲ" ಎಂದರು ಟೆಕ್ನಿಷಿಯನ್.

ಕರೆಂಟ್ ತೆಗೆದಿಟ್ಟು ಹೋಗಿ, ನಲವತ್ತು ನಿಮಿಷದ ಮೇಲೆ ಬಂದು ಸ್ವಿಚ್ ಹಾಕಿದರು. ಪೆಟ್ಟಿಗೆಯ ಹಸಿರು ದೀಪ ಮಿನುಗಿತು. ನಾನು ಫೋನಿನಲ್ಲಿ ವಿಡಿಯೊ ಹಿಡಿದು ಎಣಿಸುತ್ತಿದ್ದೆ. ಮೂವತ್ತು ಎಣಿಸುವುದರೊಳಗೆ ಟಕ್ ಎಂದಿತು. ಮೂರೂ ಬಲ್ಬ್ ಒಟ್ಟಿಗೆ ಹತ್ತಿದವು.

ನೋಡುತ್ತ ನಿಂತಿದ್ದ ಮಗ್ಗದ ಮಾಲೀಕರು, "ಯಾರ್ ಒತ್ತಿದ್ರಿ ಈಗ?" ಎಂದರು.

"ಯಾರೂ ಒತ್ತಿಲ್ರಿ."

"ಮತ್ತ ಇದನ್ನ ಮೋಟರಿಗ್ಯಾಕ ಕೂಡಸ್ತೀರಿ?"

ಸಂಜೆಯವರೆಗೆ ಇನ್ನೂ ನಾಲ್ಕು ಸಲ ಮಾಡಿದೆವು. ಪೆಟ್ಟಿಗೆಯೊಳಗಿನ ಸಣ್ಣ ಬ್ಯಾಟರಿ ಸುಮಾರು ಇಪ್ಪತ್ತೈದು ನಿಮಿಷ ಸೆಟ್ಟಿಂಗ್ ಕಾಯುತ್ತಿತ್ತು. ಅದು ಇಳಿದ ಮೇಲೆ ಪ್ರತಿ ಸಲವೂ ಆಟೋ. ತ್ರೀ ಫೇಸ್ ಹೋದರೂ ಮನೆ ದೀಪದ ಸಿಂಗಲ್ ಫೇಸ್ ಇದ್ದಷ್ಟು ಹೊತ್ತು ಪೆಟ್ಟಿಗೆಗೆ ಹಸಿವಿಲ್ಲ, ಅದಕ್ಕೇ ಎಲ್ಲರಲ್ಲೂ ಕಾಣಿಸಿಕೊಂಡಿರಲಿಲ್ಲ. ಲೈನ್ ಪೂರ್ತಿ ಹೋದ ಕಡೆ ಮಾತ್ರ. ಹಳೆಯ ಸಾಫ್ಟ್‌ವೇರಿನ ಪೆಟ್ಟಿಗೆ ಏನೇ ಮಾಡಿದರೂ ಸೆಟ್ಟಿಂಗ್ ಬಿಟ್ಟುಕೊಡಲಿಲ್ಲ. ವಿಡಿಯೊಗಳನ್ನೂ ಸಮಯದ ಪಟ್ಟಿಯನ್ನೂ ಹೆಡ್ ಆಫೀಸಿನ ಗುಣಮಟ್ಟ ವಿಭಾಗದ ಮ್ಯಾನೇಜರಿಗೆ ಕಳಿಸಿದೆ. ಭಾನುವಾರ ಉತ್ತರ ಬಂತು: ಮುಂದಿನ ವಾರದ ಪರಿಶೀಲನಾ ಸಭೆಯಲ್ಲಿ ಚರ್ಚಿಸಲಾಗುವುದು. ಅಲ್ಲಿಯವರೆಗೆ ಗ್ರಾಹಕರಿಗೆ ಈ ಬಗ್ಗೆ ಏನನ್ನೂ ತಿಳಿಸಬಾರದು.

ಅದೇ ದಿನ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಇತ್ತು. ದುರಸ್ತಿಯ ಸಲುವಾಗಿ ಮಂಗಳವಾರ ಬೆಳಿಗ್ಗೆಯಿಂದ ಸಂಜೆ ಐದರವರೆಗೆ ಜಮಖಂಡಿ, ಬೀಳಗಿ ಕಡೆಯ ಹಲವು ಊರುಗಳಿಗೆ ವಿದ್ಯುತ್ ಇಲ್ಲ. ಇಡೀ ದಿನ ಕರೆಂಟ್ ಇಲ್ಲ ಎಂದು ಮೊದಲೇ ಗೊತ್ತಾದರೆ ರೈತರು ಏನು ಮಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಮೋಟರ್ ರಿಪೇರಿಗೆ ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಐದಕ್ಕೆ ಕರೆಂಟ್ ಬರುವಾಗ ಎಷ್ಟು ಜನರ ಕೈ ಎಲ್ಲೆಲ್ಲಿ ಇರುತ್ತದೋ!

ಸೋಮವಾರ ಎಂಟೂವರೆಗೇ ಹೋಗಿ ಕುಳಿತೆ. ಹೊಸ ಅಪ್‌ಡೇಟ್ ಆಗಿರುವ, ಮ್ಯಾನುವಲ್ ಬಳಸುವ, ನಮ್ಮ ಭಾಗದ ಗ್ರಾಹಕರನ್ನು ತೆರೆಯ ಮೇಲೆ ಬೇರೆ ಮಾಡಿದೆ. ನಾನೂರ ಹದಿನೆಂಟು ಹೆಸರು. ದೂರು ಕೊಡದ ಗ್ರಾಹಕರಿಗೆ ನಾವಾಗಿ ಫೋನ್ ಮಾಡಲು ಒಂದೇ ದಾರಿಯಿತ್ತು. 'ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ?' ಎಂದು ಕೇಳುವ ಸಮೀಕ್ಷೆಯ ಲೈನ್. ದಿನಕ್ಕೆ ಇಷ್ಟೆಂದು ಆ ಕರೆಗಳನ್ನು ಮಾಡಲೇಬೇಕಿತ್ತು. ಆ ಲೈನ್ ತೆಗೆದುಕೊಂಡೆ.

ಮೊದಲ ಹೆಸರು ಒತ್ತುವ ಮುಂಚೆ ಹೆದರಿಕೆ ಇತ್ತು. ನನ್ನ ಧ್ವನಿ ರೆಕಾರ್ಡ್ ಆಗುತ್ತದೆ, ಅದನ್ನೇ ಹಾಕಿ ನನಗೆ ಕೇಳಿಸುತ್ತಾರೆ ಎಂಬುದು ಗೊತ್ತಿತ್ತು. ಕೇಳಿಸಲಿ ಎಂದುಕೊಂಡೆ. ಚೊಕ್ಕವಾಗಿ ಕೇಳಿಸುವ ಹಾಗೆ ಮಾತಾಡಿದರಾಯಿತು.

"ಅಣ್ಣಾರ, ಸ್ಟಾರ್ಟರ್ ಕಂಪನಿಯಿಂದ ಮಾತಾಡಾಕತ್ತೇನಿ. ಒಂದ ಮಾತ, ಲಕ್ಷ ಕೊಟ್ಟ ಕೇಳ್ರಿ. ನಿಮ್ಮ ಪೆಟ್ಟಿಗ್ಯಾಗ ದೋಷ ಐತಿ. ಕರೆಂಟ್ ಪೂರ್ತಿ ಹೋಗಿ ಬಂದ್ರ ಮೋಟರ್ ತಾನ ತಿರಗತೈತಿ. ಫೋನಿನಾಗ ಬಂದ್ ಅಂತ ತೋರಿಸಿದ್ರೂ ನಂಬಬ್ಯಾಡ್ರಿ. ಮೋಟರಿಗೆ ಕೈ ಹಚ್ಚೂ ಮೊದಲ ಫ್ಯೂಜ್ ಕಿತ್ತ ನಿಮ್ಮ ಕಡೆ ಇಟ್ಕೋರಿ. ಏನ ಹೇಳಿದೆ, ಒಮ್ಮಿ ತಿರುಗಿ ಹೇಳ್ರಿ ನೋಡೂಣು."

"ಫ್ಯೂಜ್ ಕಿತ್ತ ಕಿಸೇದಾಗ ಇಟ್ಕೋಬೇಕು."

"ಅಷ್ಟ ನೋಡ್ರಿ."

ಒಂದು ನಿಮಿಷವೂ ಹಿಡಿಯಲಿಲ್ಲ. ಹತ್ತನೇ ಕರೆಯ ಹೊತ್ತಿಗೆ ಗೆಳತಿ ತನ್ನ ಕುರ್ಚಿಯನ್ನು ನನ್ನತ್ತ ತಿರುಗಿಸಿದ್ದಳು. "ಏನ ಮಾಡಾಕತ್ತೀದಿ?" ಎಂದಳು. ಹೇಳಿದೆ. ಅವಳು ಹೆಚ್ಚು ಮಾತಾಡಲಿಲ್ಲ. "ಬೀಳಗಿದು ನಂಗ ಕೊಡು" ಎಂದಳು. ಅವಳಿಂದ ಉಳಿದ ನಾಲ್ವರಿಗೆ ಹೋಯಿತು. ಇಬ್ಬರು ಬರುವ ಕರೆಗಳನ್ನು ನೋಡಿಕೊಂಡರು, ನಾಲ್ವರು ಪಟ್ಟಿ ಹಿಡಿದೆವು. ಗೋಡೆಯ ಟಿವಿಯಲ್ಲಿ ಕಾಯುತ್ತಿರುವ ಕರೆಗಳ ಸಾಲು ಬೆಳೆಯಿತು. ಎಲ್ಲರ ಹೆಸರೂ ಕೆಂಪಾಯಿತು. ಅಂದು ಯಾರೂ ಆ ಕಡೆ ತಲೆ ಎತ್ತಲಿಲ್ಲ.

ಹನ್ನೊಂದಕ್ಕೆ ಟೀಮ್ ಲೀಡರ್ ಬಂದರು. ಎರಡು ಕರೆ ಕೇಳಿಸಿಕೊಂಡರು. "ನಿಲ್ಲಸ್ರಿ" ಎಂದರು. ಯಾರೂ ನಿಲ್ಲಿಸಲಿಲ್ಲ.

"ಇದನ್ನ ನಾನು ಬರದ ಕಳಸಬೇಕಾಗ್ತೈತಿ. ಅದ ನನ್ನ ಕೆಲಸ" ಎಂದರು ನನಗೆ.

"ಬರೀರಿ ಸರ. ನಾನ ಶುರು ಮಾಡಿದ್ದು ಅಂತನ ಬರೀರಿ. ಇವ್ರ ಹೆಸರ ಬ್ಯಾಡ."

ಅವರು ತಮ್ಮ ಮೇಜಿಗೆ ಹೋಗಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು ಮೆಲ್ಲಗೆ ಕೇಳಿದರು: "ತುಬಚಿ ಊರಾಗ ನಮ್ಮ ಮಾವಂದೂ ಒಂದ ಪೆಟ್ಟಿಗಿ ಐತಿ. ಅದು ನಿನ್ನ ಪಟ್ಟಿಯೊಳಗ ಐತೇನ?"

ಇತ್ತು. ಅವರು ಹೊರಗೆ ಮೆಟ್ಟಿಲ ಮೇಲೆ ನಿಂತು ಮಾವನಿಗೆ ಫೋನ್ ಮಾಡಿದರು. ಒಳಗೆ ಬಂದು ನನ್ನ ಮೇಲೆ ವರದಿ ಬರೆದರು. ಎರಡನ್ನೂ ಮಾಡಿದರು. ಇವತ್ತಿಗೂ ಅವರ ಬಗ್ಗೆ ನನ್ನ ಅಭಿಪ್ರಾಯ ಈ ಎರಡರ ನಡುವೆಯೇ ನಿಂತಿದೆ.

ಸಂಜೆಯ ಹೊತ್ತಿಗೆ ಪಟ್ಟಿಯಲ್ಲಿ ಅರವತ್ತು ಹೆಸರು ಉಳಿದವು. ಸ್ವಿಚ್ ಆಫ್ ಆದ ಫೋನು, ಬದಲಾದ ನಂಬರು. ಅದೇ ಊರಿನ ಬೇರೆ ಗ್ರಾಹಕರಿಗೆ ಮತ್ತೆ ಫೋನ್ ಮಾಡಿ, "ನಿಮ್ಮೂರಾಗ ಇನ್ನ ಇಬ್ಬರದ್ದ ಐತ್ರಿ, ಮುಂಜಾನೆ ಹೋಗಿ ಹೇಳತೀರಿ?" ಎಂದು ಕೇಳಿದೆವು. ಒಬ್ಬರೂ ಇಲ್ಲ ಎನ್ನಲಿಲ್ಲ. ಮುಧೋಳದ ಟೆಕ್ನಿಷಿಯನ್ ಮಂಗಳವಾರ ಬೈಕ್ ತೆಗೆದುಕೊಂಡು ಹೊಳೆದಂಡೆಯ ಊರುಗಳಿಗೆ ಹೋದರು.

ಮಂಗಳವಾರ ಬೆಳಿಗ್ಗೆ ನನ್ನ ಲಾಗಿನ್ ತೆರೆಯಲಿಲ್ಲ. ಮನೆಗೆ ಹೋಗಲು ಹೇಳಿದರು. ರಬಕವಿಯ ಮನೆಯಲ್ಲಿ ಗಡಿಯಾರ ನೋಡುತ್ತ ಕುಳಿತೆ. ಅವ್ವ ಎರಡು ಸಲ ಊಟಕ್ಕೆ ಕರೆದಳು. ನಾನು ಸಿಡುಕಲಿಲ್ಲ, ಉಣ್ಣಲೂ ಇಲ್ಲ. ಐದಾಯಿತು. ಐದೂವರೆಯಾಯಿತು. ಆರಕ್ಕೆ ಗೆಳತಿಯ ಫೋನ್ ಬಂತು. ಲೈನ್ ಬಂದು ಮುಕ್ಕಾಲು ತಾಸಾಗಿತ್ತು. ಮೋಟರುಗಳು ತಾವಾಗಿ ಎದ್ದವು ಎಂದು ಹೇಳಲು ಕರೆಗಳು ಬರುತ್ತಿದ್ದವು. ಆದರೆ ಯಾರಿಗೂ ಏನೂ ಆಗಿರಲಿಲ್ಲ.

"ತುಬಚಿ ಕಡ್ಯಾಂವ ಒಬ್ಬಾಂವ ಏನಂದಾ ಗೊತ್ತೇನ?" ಎಂದಳು. "ಬಾವ್ಯಾಗ ಇಳದ ಪಂಪ್ ಬಿಚ್ಚಾಕತ್ತಿದ್ನಂತ. ಮ್ಯಾಲ ಪೆಟ್ಟಿಗಿ ಟಕ್ ಅಂತಂತ. 'ಮೋಟರಿನ ಫ್ಯೂಜ್ ನನ್ನ ಕಿಸೇದಾಗ ಇತ್ರಿ, ಅಕ್ಕಾರಿಗೆ ಹೇಳ್ರಿ' ಅಂದ."

ಫೋನ್ ಇಟ್ಟ ಮೇಲೆ ಅಡುಗೆ ಮನೆಗೆ ಹೋಗಿ ಎರಡು ರೊಟ್ಟಿ ಉಂಡೆ.

ಮರುದಿನ ಕಾರಣ ಕೇಳಿ ನೋಟಿಸ್ ಬಂತು, ಅದರ ಹಿಂದೆಯೇ ವಿಡಿಯೊ ಸಭೆ. ಗುಣಮಟ್ಟದ ಮ್ಯಾನೇಜರ್ ನನ್ನ ಧ್ವನಿಯನ್ನು ಹಾಕಿ ಕೇಳಿಸಿದರು. ನನಗೇನೂ ನಾಚಿಕೆಯಾಗಲಿಲ್ಲ, ಮಾತು ಸ್ಪಷ್ಟವಾಗಿತ್ತು.

"ಗ್ರಾಹಕರಲ್ಲಿ ಭಯ ಹುಟ್ಟಿಸಿದ್ದೀರಿ. ಇದಕ್ಕೆ ನಿಮಗೆ ಅನುಮತಿ ಕೊಟ್ಟವರು ಯಾರು?"

"ಯಾರೂ ಕೊಟ್ಟಿಲ್ರಿ. ಕೇಳಿದ್ದೆ. ದಿನಕ್ಕ ಎರಡ ಸಲ ಕೇಳಿದ್ದೆ. ಮೂರನೇ ಸಲ ಕೇಳಾಕ ನಿಮ್ಮ ಬಟನ್ ಬಿಡೂದಿಲ್ಲ."

"ದಯವಿಟ್ಟು ಸರಿಯಾದ ಕನ್ನಡದಲ್ಲಿ ಮಾತಾಡಿ."

"ಇದು ಸರಿಯಾದ ಕನ್ನಡನ ಐತ್ರಿ. ಇದ್ರಾಗ ಹೇಳಿದ್ದಕ್ಕ ಮೊನ್ನಿ ನಾನೂರ ಮಂದಿಗೆ ತಿಳದೈತಿ."

ಕ್ಷಮಾಪಣೆ ಪತ್ರವನ್ನು ಅವರೇ ಬರೆದು ಕಳಿಸಿದ್ದರು. 'ತಪ್ಪು ಗ್ರಹಿಕೆಯಿಂದ' ಎಂಬ ಮಾತು ಅದರಲ್ಲಿತ್ತು. ಸಹಿ ಮಾಡಿದರೆ ಮರುದಿನವೇ ಕೆಲಸಕ್ಕೆ ಬರಬಹುದು. ಮಾಡಲಿಲ್ಲ. ಮೂರು ವಾರ ಅಮಾನತಿನಲ್ಲಿಟ್ಟರು. ಅಷ್ಟರಲ್ಲಿ ಆ ಪರಿಶೀಲನಾ ಸಭೆ ನಡೆಯಿತು. ಶೆಡ್ಡಿನ ವಿಡಿಯೊ ನೋಡಿದರಂತೆ. ಅಪ್‌ಡೇಟನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡರು. ಗ್ರಾಹಕರಿಗೆ ಹೋದ ಸಂದೇಶದಲ್ಲಿ ಇದ್ದದ್ದು 'ಸೇವಾ ಸುಧಾರಣೆ' ಎಂದಷ್ಟೇ. ನನ್ನ ವಿರುದ್ಧ ಹೇಳಿಕೆ ಕೊಡಲು ಉಳಿದ ಐವರೂ ಒಪ್ಪಲಿಲ್ಲವಾದ್ದರಿಂದ ನನ್ನನ್ನು ಎಚ್ಚರಿಕೆ ಕೊಟ್ಟು ಮತ್ತೆ ಕರೆದರು. ಗಲಗಲಿಯ ಟಿಕೆಟ್ ಮಾತ್ರ ಏಳನೇ ಕೋಡಿನಲ್ಲೇ ಇತ್ತು. ಅದನ್ನು ಬದಲಿಸುವ ಅಧಿಕಾರ ನಮ್ಮ ಕಚೇರಿಯಿಂದ ತೆಗೆದುಹಾಕಿದ್ದರು.

ಕೆಲಸಕ್ಕೆ ಸೇರುವ ಹಿಂದಿನ ದಿನ ಬಸ್ಸು ಬದಲಿಸಿ ಗಲಗಲಿಗೆ ಹೋದೆ. ಮನೆಯ ಮುಂದೆ ಕುರಿದೊಡ್ಡಿ. ಅವರು ಕಂಬಳಿ ಹಾಸಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಹಣೆಯಲ್ಲಿ ಭಂಡಾರದ ಅರಿಶಿನ, ಬಲಗೈಗೆ ಬಿಳಿ ಪಟ್ಟಿ. ನಾನು ಯಾರೆಂದು ಹೇಳಿದೆ.

"ಫ್ಯೂಜ್ ತಗೀರಿ ಅಂತ ಅವತ್ತ ನಾ ಹೇಳಬೇಕಾಗಿತ್ರಿ ಕಾಕಾ. ಹೇಳಲಿಲ್ಲ. ಅದು ನನ್ನ ತಪ್ಪ. ಪೆಟ್ಟಿಗಿ ತಿರಗಿಸಿದ್ದು ಕಂಪನಿ ತಪ್ಪ. ನಿಮ್ಮ ತಪ್ಪ ಅಂತ ಬರದಾರ, ಅದು ಸುಳ್ಳ."

ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಈಗ ಬಂದ ಹೇಳಿದ್ರ ಬೆರಳ ಬರ್ತಾವೇನ?" ಎಂದಳು.

"ಬರೂದಿಲ್ರಿ."

ಯಜಮಾನರು ಹೇಳಿದರು: "ನೋಡ ತಂಗಿ, ಮಾಫಿ ಕೇಳಾಕ ಬಂದಿದ್ರ ಚಾ ಕುಡದ ಹೋಗು. ಖರೆ ಹೇಳಾಕ ಬಂದಿದ್ರ ಕುಂದ್ರು. ಜಮಖಂಡ್ಯಾಗ ವಕೀಲರು ಗ್ರಾಹಕರ ಆಯೋಗಕ್ಕ ಅರ್ಜಿ ಬರ್ಯಾಕತ್ಯಾರ. ಕಂಪನಿ ಒಳಗಿನವ್ರು ಯಾರರ ಹೇಳವರು ಅದಾರೇನು ಅಂತ ಕೇಳಿದ್ರು. ನಾ ಯಾರಿಲ್ಲ ಅಂದೇನಿ."

ನಾನು ಕುಳಿತೆ.

ಆ ವಾರವೇ ಜಮಖಂಡಿಗೆ ಹೋಗಿ ಆಯೋಗಕ್ಕೆ ಕೊಡುವ ಅಫಿಡವಿಟ್ ಮಾಡಿಸಿದೆ. ಎರಡು ಪುಟ. ಬುಧವಾರದ ಕರೆ, ಮೇಲಿನಿಂದ ಬಂದ ಉತ್ತರಗಳು, ಶೆಡ್ಡಿನ ಪರೀಕ್ಷೆ, ಸೋಮವಾರದ ಪಟ್ಟಿ. ನನ್ನ ವಿರುದ್ಧ ಹೋಗುವ ಮಾತನ್ನೂ ಬಿಡಲಿಲ್ಲ. ವಕೀಲರು "ಇದು ಬೇಕೇನ್ರಿ?" ಎಂದು ಕೇಳಿದ ಸಾಲನ್ನೂ ಇರಿಸಿದೆ. ಅದನ್ನು ಬಿಟ್ಟರೆ ಉಳಿದದ್ದನ್ನು ಯಾರು ನಂಬುತ್ತಾರೆ?

ಮರುದಿನ ಅದರ ಒಂದು ಪ್ರತಿಯನ್ನು ಟೀಮ್ ಲೀಡರರ ಮೇಜಿನ ಮೇಲೆ ಇಟ್ಟೆ. ಬೇರೆಯವರ ಬಾಯಿಂದ ಅವರಿಗೆ ತಿಳಿಯುವುದು ಬೇಡವಾಗಿತ್ತು. ಅವರು ನಿಂತುಕೊಂಡೇ ಎರಡೂ ಪುಟ ಓದಿದರು. ಕನ್ನಡಕ ತೆಗೆದರು.

"ನೌಕರಿ ಹೋಗ್ತೈತವಾ."

"ಹೋಗ್ಲಿ ಅಂತ ಬರದಿಲ್ರಿ ಸರ. ಇರ್ಲಿ ಅಂತನೂ ಬರದಿಲ್ಲ. ಆಗಿದ್ದ ಬರದೇನಿ."

"ಮ್ಯಾಲ ಕಳಸಬೇಕಾಗ್ತೈತಿ ಇದನ್ನ."

"ಕಳಸ್ರಿ. ಮುಟ್ಟೈತಿ ಅಂತ ನಂಗೊಂದ ಸಹಿ ಮಾಡಿ ಕೊಡ್ರಿ."

ನನ್ನ ಪ್ರತಿಯನ್ನು ಅವರ ಮುಂದೆ ಹಿಡಿದೆ. ಗೋಡೆಯ ಟಿವಿಯಲ್ಲಿ ಏಳು ಕರೆಗಳು ಕಾಯುತ್ತಿದ್ದವು. ಅವರು ಜೇಬು ತಡಕಿದರು, ಪೆನ್ನು ಸಿಗಲಿಲ್ಲ. ಗೆಳತಿ ಕುಳಿತಲ್ಲಿಂದಲೇ ತನ್ನ ಪೆನ್ನು ಚಾಚಿದಳು. ಅವರು ಕಾಗದದ ಕೊನೆಯಲ್ಲಿ 'ತಲುಪಿದೆ' ಎಂದು ಬರೆದು, ದಿನಾಂಕ ಹಾಕಿ, ಗಡಿಯಾರ ನೋಡಿ ಗಂಟೆಯನ್ನೂ ನಿಮಿಷವನ್ನೂ ಬರೆದು ಸಹಿ ಮಾಡಿದರು.